ಹಳೇ ಪಿಸಿ ಗೇಟ್‌ವೇ: ಸ್ಪೀಡ್ ಟೆಸ್ಟ್ 90 ತೋರಿಸುತ್ತೆ, ಪೇಜ್ ಮಾತ್ರ ತೆವಳುತ್ತೆ

ಪ್ರಶ್ನೆ (ವಾಕಡ್, ಪುಣೆ)

ಒಂದು ಫ್ಲ್ಯಾಟು, ಆರು ಜನ, ಒಂದೇ 100 ಎಂಬಿಪಿಎಸ್ ಫೈಬರ್. ಹಳೇ ಕೋರ್ 2 ಡ್ಯುಯೋ ಪಿಸಿಗೆ ಎರಡನೇ ಲ್ಯಾನ್ ಕಾರ್ಡ್ ಹಾಕಿ, ಡೆಬಿಯನ್ ಲಿನಕ್ಸ್ ಕೂರಿಸಿ ಗೇಟ್‌ವೇ (ಎಲ್ಲ ಸಾಧನಗಳೂ ಇಂಟರ್ನೆಟ್ಟಿಗೆ ಹೋಗುವ ಬಾಗಿಲು) ಮಾಡಿದ್ದೇವೆ. ಹೆಸರು-ಪಾಸ್‌ವರ್ಡ್ ಕೊಟ್ಟು ಕಂಪನಿಯ ಲೈನಿಗೆ ಸೇರುವ ಪಿಪಿಪಿಒಇ ಲಾಗಿನ್ ಅದರಲ್ಲೇ. ಸ್ಕ್ವಿಡ್ ಎಂಬ ಪ್ರಾಕ್ಸಿ (ನಮ್ಮ ಪರವಾಗಿ ಸೈಟು ತಂದುಕೊಡುವ ಪ್ರೋಗ್ರಾಮು) ಕೂಡ ಇದೆ. ಲ್ಯಾಪ್‌ಟಾಪ್‌ಗಳಿಗೆ ಪ್ರಾಕ್ಸಿ ಕೊಟ್ಟಿದ್ದೇವೆ, ಫೋನ್‌ಗಳು ನೇರ ಹೋಗುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಯಾವ ಹೊಸ ಸೈಟಾದರೂ ಐದು ಸೆಕೆಂಡು ಸುಮ್ಮನಿದ್ದು ಆಮೇಲೆ ಒಮ್ಮೆಲೇ ಬಂದುಬಿಡುತ್ತೆ. ಫೋನ್‌ನಲ್ಲಿ ಕೆಲವು ಸೈಟು, ಅದರಲ್ಲೂ ಬ್ಯಾಂಕಿನದು, ಅರ್ಧಕ್ಕೇ ನಿಲ್ಲುತ್ತೆ. ರಾತ್ರಿ ಹತ್ತರ ಮೇಲೆ ಎಲ್ಲರಿಗೂ ಎಲ್ಲವೂ ನಿಧಾನ. ಎಲ್ಲಿಂದ ಶುರು ಮಾಡೋಣ?

ಡೊಂಬಿವಲಿಯಿಂದ

ಮಾರಾಯ್ರೇ, ಇದು ಒಂದು ತೊಂದರೆ ಅಲ್ಲ, ಮೂರು. ಒಟ್ಟಿಗೆ ಹುಡುಕಲು ಹೊರಟರೆ ಒಂದೂ ಕೈಗೆ ಸಿಗುವುದಿಲ್ಲ. ಮೊದಲು ಆ ಐದು ಸೆಕೆಂಡು ನೋಡಿ. ಲೈನ್ ನಿಧಾನ ಇದ್ದರೆ ತಡ ಒಮ್ಮೆ ಮೂರು, ಒಮ್ಮೆ ಒಂಬತ್ತು ಆಗಬೇಕು. ಪ್ರತಿ ಸಲ ಐದೇ ಅಂದರೆ ಯಾವುದೋ ಪ್ರೋಗ್ರಾಮು ಗಡಿಯಾರ ನೋಡಿಕೊಂಡು ಕಾಯುತ್ತಾ ಕೂತಿದೆ ಎಂದೇ ಅರ್ಥ. ಸ್ಕ್ವಿಡ್ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹೇಳುವ ಸರ್ವರ್) ಉತ್ತರಕ್ಕೆ ಕಾಯುವ ಮಾಮೂಲಿ ಅವಧಿ 5 ಸೆಕೆಂಡು. ಆಮೇಲೆ ಪಟ್ಟಿಯ ಮುಂದಿನ ಸರ್ವರನ್ನು ಕೇಳುತ್ತದೆ. ಸಿಕ್ಕ ಉತ್ತರ ನೆನಪಿಟ್ಟುಕೊಳ್ಳುವುದರಿಂದ ಎರಡನೇ ಸಲ ತಡ ಇಲ್ಲ.

ಗೇಟ್‌ವೇಯ ರಿಸಾಲ್ವ್-ಕಾನ್ಫ್ ಫೈಲಿನಲ್ಲಿ ಇರುವ ಒಂದೊಂದು ಡಿಎನ್‌ಎಸ್ ಸರ್ವರನ್ನೂ ಡಿಗ್ ಕಮಾಂಡಿನಿಂದ ಬೇರೆ ಬೇರೆ ಕೇಳಿ. ಒಳ್ಳೆಯದು ಕೆಲವು ಹತ್ತು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ, ಸತ್ತದ್ದು ಟೈಮ್‌ಔಟ್ ಎನ್ನುತ್ತದೆ. ಸತ್ತದ್ದರ ಸಾಲು ತೆಗೆದು, ಪಟ್ಟಿ ಮತ್ತೆ ಓದಲು ಸ್ಕ್ವಿಡ್‌ಗೆ ರೀಕಾನ್ಫಿಗರ್ ಕೊಡಿ. ಮರುದಿನ ಹಳೇ ಸಾಲು ವಾಪಸ್ ಬಂದಿದ್ದರೆ ಗಾಬರಿ ಬೇಡ. ಲಾಗಿನ್ ಮಾಡುವ ಪ್ರೋಗ್ರಾಮು ಪಿಪಿಪಿಡಿಗೆ ಯೂಸ್‌ಪಿಯರ್‌ಡಿಎನ್‌ಎಸ್ ಆಯ್ಕೆ ಇದ್ದರೆ ಪ್ರತಿ ಡಯಲ್‌ಗೂ ಕಂಪನಿಯವರ ಸರ್ವರುಗಳು ಬಂದು ಕೂರುತ್ತವೆ. ಅದರ ಸೆಟ್ಟಿಂಗ್ ಇರುವ ಪಿಯರ್ಸ್ ಫೈಲಿನಿಂದ ಆ ಪದವನ್ನೇ ಅಳಿಸಿ.

ಪಿಂಪ್ರಿಯಿಂದ

ಮೇಲಿನವರು ಹೇಳಿದ್ದು ಖರೇ. ಆದ್ರ ಸ್ಕ್ವಿಡ್ ಇನ್ನೂ ಯಾಕ ಇಟ್ಟೀರಿ? ಈಗ ಸೈಟು ಬಹುತೇಕ ಎಲ್ಲಾ ಎಚ್‌ಟಿಟಿಪಿಎಸ್, ಅಂದ್ರ ಬೀಗ ಹಾಕಿ ಬರೂವು. ಅದಕ್ಕ ಸ್ಕ್ವಿಡ್ ಬರೇ ಒಂದು ಕೊಳವೆ ಆಗಿ ನಿಲ್ಲತೈತಿ, ಒಳಗಿಂದು ಏನೂ ಕ್ಯಾಶ್ ಆಗೂದಿಲ್ಲ, ಮುಂದಿನ ಸಲಕ್ಕ ಉಳಿಯೂದಿಲ್ಲ. ತಗದು ಹಾಕ್ರಿ, ಆದ್ರ ಇವತ್ತ ಬ್ಯಾಡ್ರಿ. ಫೋನ್‌ನ್ಯಾಗ ಬ್ಯಾಂಕ್ ಸೈಟು ನಿಲ್ಲೂದು, ಲ್ಯಾಪ್‌ಟಾಪ್‌ನ್ಯಾಗ ನಿಲ್ಲದಿರೂದು, ಇದು ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ತಪ್ಪಿದ ಲಕ್ಷಣ. ಈ ರೋಗವನ್ನ ಸ್ಕ್ವಿಡ್ ಮುಚ್ಚಿ ಇಟ್ಟೈತಿ.

ಲೆಕ್ಕ ಹಿಂಗ. ಈಥರ್ನೆಟ್ ಪ್ಯಾಕೆಟ್ 1500 ಬೈಟ್, ಪಿಪಿಪಿಒಇ ತಲೆಭಾರ 8, ಉಳಿದದ್ದು 1492. ಸ್ಕ್ವಿಡ್ ಗೇಟ್‌ವೇದಾಗ ಕುಂತೈತಿ, ಅದಕ್ಕ 1492 ಗೊತ್ತು. ಗೇಟ್‌ವೇ ಹಿಂದ ಇರೂ ಫೋನಿಗೆ ಗೊತ್ತಿಲ್ಲ, ಅದು 1500 ಅಂತ ತಿಳಕೊಂಡು 1460ರ ಎಂಎಸ್‌ಎಸ್ (ಹೆಡರ್ ಬಿಟ್ಟು ಒಳಗ ಹಿಡಿಸೂ ಮಾಲು) ಹೇಳತೈತಿ. ಆ ಕಡೆ ಸರ್ವರ್ 1500ರ ಪ್ಯಾಕೆಟ್ ಕಳಸತೈತಿ, ಅದು ನಡುವ ಹಿಡಿಸೂದಿಲ್ಲ. "ಸಣ್ಣದು ಕಳಿಸು" ಅಂತ ಹೋಗೂ ಐಸಿಎಂಪಿ ಸಂದೇಶವನ್ನ ಎಷ್ಟೋ ಫೈರ್‌ವಾಲು ತಡೀತಾವ. ಸಣ್ಣ ಪ್ಯಾಕೆಟ್ ದಾಟತಾವ, ದೊಡ್ಡವು ಮಾಯ. ಅದಕ್ಕ ಪೇಜ್ ಅರ್ಧಕ್ಕ ನಿಲ್ಲೂದು.

ಪರೀಕ್ಷೆ: ವಿಂಡೋಸ್ ಲ್ಯಾಪ್‌ಟಾಪಿನಿಂದ 8.8.8.8ಕ್ಕ ಪಿಂಗ್, ತುಂಡು ಮಾಡಬ್ಯಾಡ ಅನ್ನೂ ಎಫ್ ಆಯ್ಕೆ, ಗಾತ್ರದ ಎಲ್ ಆಯ್ಕೆಗೆ 1464. ಹೋಗಬೇಕು. 1472 ಕೊಡ್ರಿ, ಹೋಗಬಾರದು. (ಹೆಡರಿನ 28 ಕೂಡಿಸ್ರಿ, 1492 ಮತ್ತ 1500 ಬರತಾವ.) ಹಂಗ ಬಂದ್ರ ಲಿನಕ್ಸ್ ಫೈರ್‌ವಾಲ್ ಐಪಿಟೇಬಲ್ಸ್‌ನ ಮ್ಯಾಂಗಲ್ ಟೇಬಲ್, ಫಾರ್ವರ್ಡ್ ಚೈನಿನ್ಯಾಗ ಸಿನ್ (ಸಂಪರ್ಕ ಶುರು ಮಾಡೂ) ಪ್ಯಾಕೆಟ್ಟಿಗೆ ಟಿಸಿಪಿಎಂಎಸ್‌ಎಸ್ ಟಾರ್ಗೆಟ್ ಹಾಕಿ, ಕ್ಲ್ಯಾಂಪ್-ಎಂಎಸ್‌ಎಸ್-ಟು-ಪಿಎಂಟಿಯು ಕೊಡ್ರಿ. ಫೋನು ಏನರೆ ಹೇಳಲಿ, ಗೇಟ್‌ವೇ 1452 ಅಂತ ತಿದ್ದಿ ಕಳಸತೈತಿ. ರೀಬೂಟ್ ಆದ್ರ ರೂಲ್ ಹೋಗತೈತಿ, ಐಪಿಟೇಬಲ್ಸ್-ಪರ್ಸಿಸ್ಟೆಂಟ್ ಪ್ಯಾಕೇಜ್ ಹಾಕಿ ಉಳಿಸ್ರಿ. ಆಮ್ಯಾಲೆ ಸ್ಕ್ವಿಡ್ ತಗೀರಿ. ಮೊದಲ ತಗದ್ರ ಲ್ಯಾಪ್‌ಟಾಪುಗಳಿಗೂ ಬ್ಯಾಂಕ್ ಸೈಟು ನಿಂತು, ಹೊಸ ತೊಂದರೆ ಬಂತು ಅಂತ ತಿಳಕೋತೀರಿ.

ವಾಕಡ್‌ನಿಂದ

ರಿಸಾಲ್ವ್-ಕಾನ್ಫ್‌ನ ಮೊದಲ ಸಾಲು ಸತ್ತಿತ್ತು. 1464 ಹೋಯ್ತು, 1472 ಹೋಗಲಿಲ್ಲ. ರೂಲ್ ಹಾಕಿದ ಮೇಲೆ ಬ್ಯಾಂಕ್ ತೆರೆಯಿತು. ರಾತ್ರಿಯದು ಹಾಗೇ ಇದೆ: 1.1.1.1ಕ್ಕೆ ಪಿಂಗ್ ಹಗಲು 8 ಮಿಲಿಸೆಕೆಂಡು, ರಾತ್ರಿ 500 ದಾಟುತ್ತೆ. ಅಪ್‌ಲೋಡ್ ಅಳೆದರೆ 40.

ಠಾಣೆಯಿಂದ

ರಾತ್ರಿ ಎಲ್ಲರೂ ಫೋನ್ ಚಾರ್ಜಿಗೆ ಹಾಕುತ್ತಾರೆ, ಫೋಟೊ ಬ್ಯಾಕಪ್ ಶುರುವಾಗುತ್ತೆ, ಅಪ್‌ಲೋಡ್ ತುಂಬುತ್ತೆ. ಒಂದು ಪೇಜ್ ತೆರೆಯಲು ಹೋಗುವ ಪುಟ್ಟ ವಿನಂತಿ ಆ ಫೋಟೊಗಳ ಹಿಂದೆ ಕ್ಯೂ ನಿಲ್ಲಬೇಕು. ಡೌನ್‌ಲೋಡ್ ಖಾಲಿ ಇದ್ದರೂ ಪ್ರಯೋಜನ ಇಲ್ಲ. ಇದಕ್ಕೆ ದೊಡ್ಡ ಪ್ಲಾನ್ ಕೊಳ್ಳುವುದು ದುಡ್ಡು ದಂಡ.

ಲಿನಕ್ಸ್ ಕರ್ನೆಲ್ 4.19ರಿಂದ ಕೇಕ್ ಎಂಬ ಕ್ಯೂ ವ್ಯವಸ್ಥೆ ಒಳಗೇ ಇದೆ. ಟಿಸಿ ಕಮಾಂಡಿನಿಂದ ಪಿಪಿಪಿ0 (ಹೊರಗಿನ ಲೈನ್) ಮೇಲೆ ಹಾಕಿ, ಬ್ಯಾಂಡ್‌ವಿಡ್ತ್ 36 ಎಂಬಿಟ್ ಕೊಡಿ, ಅಂದರೆ ಅಳೆದದ್ದರ ಶೇ. 90. ಇಲ್ಲಿ ಜಿಪುಣತನ ಮಾಡಿ 40ನ್ನೇ ಕೊಟ್ಟರೆ ಕ್ಯೂ ನಿಮ್ಮ ಪಿಸಿಯಲ್ಲಿ ನಿಲ್ಲದೆ ಮುಂದಿನ ಫೈಬರ್ ಡಬ್ಬಿಯಲ್ಲೇ ನಿಲ್ಲುತ್ತೆ, ಕೇಕ್‌ಗೆ ಕೆಲಸವೇ ಇರುವುದಿಲ್ಲ. ಜೊತೆಗೆ ನ್ಯಾಟ್ ಮತ್ತು ಡ್ಯುಯಲ್-ಎಸ್‌ಆರ್‌ಸಿಹೋಸ್ಟ್ ಎಂಬ ಎರಡು ಪದ ಸೇರಿಸಿ. ಆಗ ಲೈನನ್ನು ಸಾಧನಗಳ ಲೆಕ್ಕದಲ್ಲಿ ಸಮನಾಗಿ ಹಂಚುತ್ತೆ, ಒಬ್ಬರ ಟೊರೆಂಟು ಐವರನ್ನು ನುಂಗುವುದಿಲ್ಲ. ಹೊರಗೆ ಹೋಗುವಾಗ ಎಲ್ಲರಿಗೂ ಒಂದೇ ವಿಳಾಸ, ಹಾಗಾಗಿ ನ್ಯಾಟ್ ಪದ ಬಿಟ್ಟರೆ ಆರೂ ಜನ ಅದಕ್ಕೆ ಒಬ್ಬರಾಗಿಯೇ ಕಾಣುತ್ತಾರೆ. ಹಾಕಿದ ಮೇಲೆ ಒಂದು ದೊಡ್ಡ ಫೈಲ್ ಅಪ್‌ಲೋಡಿಗೆ ಬಿಟ್ಟು ಪಿಂಗ್ ನೋಡಿ. 20–30 ಒಳಗಿದ್ದರೆ ಸಾಕು.

ವಾಸ್ಕೋದಿಂದ

ಇಷ್ಟೆಲ್ಲ ಮಾಡಿದ ಮೇಲೂ ಜೂನ್‌ನಲ್ಲಿ ಮತ್ತೆ ನಿಧಾನವಾದರೆ ಸಾಫ್ಟ್‌ವೇರ್ ಮುಟ್ಟುವ ಮೊದಲು ಈಥ್‌ಟೂಲ್ ಕಮಾಂಡ್ ಹಾಕಿ ಎರಡೂ ಕಾರ್ಡಿನ ಸ್ಪೀಡ್ ನೋಡಿ. 100 ಇರಬೇಕಾದಲ್ಲಿ 10 ಅಥವಾ ಹಾಫ್ ಡ್ಯುಪ್ಲೆಕ್ಸ್ (ಒಮ್ಮೆಗೆ ಒಂದೇ ದಿಕ್ಕು) ಬಂದಿದ್ದರೆ, ಇಲ್ಲವೇ ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟುಗಳ) ಸಂಖ್ಯೆ ಏರುತ್ತಲೇ ಇದ್ದರೆ, ತಪ್ಪು ಬಹುತೇಕ ಕೇಬಲ್ಲಿನದು. ಮಳೆಗಾಲದ ತೇವಕ್ಕೆ ಜ್ಯಾಕಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಉಜ್ಜಿ ಪ್ರಯೋಜನವಿಲ್ಲ, ಎರಡಿಂಚು ಕತ್ತರಿಸಿ ಹೊಸ ಜ್ಯಾಕ್ ಕ್ರಿಂಪ್ ಮಾಡಿ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಬಾಲ್ಕನಿಯಿಂದ ಕೇಬಲ್ ಒಳಗೆ ತರುವಾಗ ಕಿಟಕಿಗಿಂತ ಗೇಣು ಕೆಳಗೆ ಇಳಿಬಿಟ್ಟು ಮೇಲಕ್ಕೆ ತಿರುಗಿಸಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಜ್ಯಾಕಿನವರೆಗೆ ಹರಿಯುವುದಿಲ್ಲ.