ಇಟಲಿಗೆ ಹನ್ನೆರಡು ದಿನ, ಗೆಳತಿಯ ಪಟ್ಟಿಯಲ್ಲಿ ಏಳು ಊರು. ಯಾವುದನ್ನು ಬಿಡಲಿ?

ಸಾಗರದ ಟೀಚರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನಗೆ 61. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಿಯಾದವಳು. ಗೆಳತಿಗೂ ಅಷ್ಟೇ ವಯಸ್ಸು, ಬ್ಯಾಂಕಿನಲ್ಲಿದ್ದಳು. ಐದನೇ ಕ್ಲಾಸಿನಿಂದ ಒಂದೇ ಬೆಂಚಿನವರು ನಾವು. ಅವಳ ಮನೆಯಲ್ಲಿ ಒರಳುಕಲ್ಲಿನ ಎದುರಿಗೆ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು, ವೆನಿಸ್ ಚಿತ್ರದ್ದು. ವರ್ಷ ಮುಗಿದರೂ ಅವಳಮ್ಮ ತೆಗೆಯಲಿಲ್ಲ. ಗೋಡೆ ಬಿರುಕು ಬಿಟ್ಟಿತ್ತು, ಅದನ್ನು ಮುಚ್ಚುತ್ತೆ ಅಂತ. ದೋಸೆಗೆ ರುಬ್ಬುವಾಗೆಲ್ಲ ಇವಳು ಅದನ್ನೇ ನೋಡುತ್ತಿದ್ದಳು.

2011ರಲ್ಲಿ ಇಬ್ಬರೂ ತಿಂಗಳಿಗೆ ಎರಡೆರಡು ಸಾವಿರದ ಆರ್‌ಡಿ ಶುರು ಮಾಡಿದೆವು. ಪಾಸ್‌ಬುಕ್ಕಿನ ಮೂಲೆಯಲ್ಲಿ ಪೆನ್ಸಿಲಿನಿಂದ 'ಇಟಲಿ' ಅಂತ ಬರೆದಿದ್ದಳು. 2020ರ ಏಪ್ರಿಲ್‌ಗೆ ಟಿಕೆಟ್ಟೂ ಆಗಿತ್ತು. ಮಾರ್ಚ್ 9ಕ್ಕೆ ಇಡೀ ಇಟಲಿಯೇ ಬಾಗಿಲು ಹಾಕಿತು. ಆಮೇಲೆ ಅವಳ ಯಜಮಾನರ ಕಾಯಿಲೆ, ನನ್ನ ಮಗಳ ಬಾಣಂತನ, ನನ್ನ ಮಂಡಿ. ಅಂತೂ ಈ ಅಕ್ಟೋಬರ್‌ಗೆ ಹೊರಟಿದ್ದೇವೆ. ವೀಸಾ ಬಂದಿದೆ. ರೋಮ್‌ನಲ್ಲಿ ಇಳಿಯೋದು, ವೆನಿಸ್‌ನಿಂದ ವಾಪಸ್. ಮಧ್ಯೆ 11 ರಾತ್ರಿ. ಹೋಟೆಲ್‌ಗಳನ್ನು ಇನ್ನೂ ಬದಲಾಯಿಸಬಹುದು.

ಸಮಸ್ಯೆ ಅಂದರೆ ಅವಳ ಪಟ್ಟಿ. ರೋಮ್, ನೇಪಲ್ಸ್, ಪಾಂಪೆ, ಫ್ಲಾರೆನ್ಸ್, ಪೀಸಾ, ಮಿಲಾನ್, ವೆನಿಸ್. ಲೆಡ್ಜರ್ ತರಹ ಗೆರೆ ಹಾಕಿ, ಗಂಟೆ ಸಮೇತ ಬರೆದಿದ್ದಾಳೆ. ನನಗೆ ಒಂದೊಂದು ಕಡೆ ಸುಮ್ನೆ ಕೂತು ನೋಡೋಣ ಅಂತ. ಬಾಯಿ ಬಿಟ್ಟು ಹೇಳಿದರೆ 'ಹದಿನಾಲ್ಕು ವರ್ಷ ದುಡ್ಡು ಕಟ್ಟಿದ್ದು ಬೆಂಚಿನ ಮೇಲೆ ಕೂರೋಕಾ?' ಅಂತಾಳೆ. ಅವಳ ಮಾತೂ ಸುಳ್ಳಲ್ಲ.

ನನ್ನದು ಒಂದೇ ಬೇಡಿಕೆ. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ರೋಮ್‌ನ ಪ್ರವಾಸಿ 1623ರಲ್ಲಿ ನಮ್ಮ ಇಕ್ಕೇರಿಗೆ ಬಂದಿದ್ದ. ಹೊನ್ನಾವರ, ಗೇರುಸೊಪ್ಪೆ, ಘಟ್ಟ ಹತ್ತಿಕೊಂಡು. ದಾರಿಯಲ್ಲಿ ದೇವಸ್ಥಾನದ ಜಗಲಿ ಮೇಲೆ ಹುಡುಗರು ಮರಳಿನಲ್ಲಿ ಬೆರಳಾಡಿಸಿ ಲೆಕ್ಕ ಕಲಿಯುತ್ತಿದ್ದನ್ನು ಕೂತು ನೋಡಿ ಬರೆದಿಟ್ಟಿದ್ದಾನೆ. ಇದನ್ನು ಮೂವತ್ತು ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ. ಅವನ ಸಮಾಧಿ ರೋಮ್‌ನ ಅರಾಚೇಲಿ ಚರ್ಚಿನಲ್ಲಿದೆ ಅಂತ ಓದಿದೆ. ಅಲ್ಲಿಗೆ ಮೆಟ್ಟಿಲು ಜಾಸ್ತಿಯಂತೆ. ಈ ಮಂಡಿ ಇಟ್ಟುಕೊಂಡು ಹೋಗಬಹುದಾ?

ಇನ್ನೊಂದು, ಇಬ್ಬರೂ ಮೊಟ್ಟೆ ಕೂಡ ತಿನ್ನಲ್ಲ. ಊಟಕ್ಕೆ ಏನು ಗತಿ?

ತೊರಿನೊ ವಾಸಿ

ಟೀಚರ್, ನಮಸ್ಕಾರ. ಒಂಬತ್ತು ವರ್ಷದಿಂದ ಇಲ್ಲೇ ಇಟಲಿಯಲ್ಲಿ ಇದ್ದೇನೆ. ಊರಿಂದ ಬಂದ ನೆಂಟರನ್ನೆಲ್ಲ ಸುತ್ತಿಸಿ ಅಭ್ಯಾಸ ಆಗಿದೆ, ಹಾಗಾಗಿ ನೇರವಾಗಿ ಹೇಳ್ತೀನಿ.

ಮಿಲಾನ್ ಬಿಡಿ. ನೇಪಲ್ಸ್, ಪಾಂಪೆ ಕೂಡ ಬಿಡಿ. ಪಾಂಪೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿನ ಬೀದಿ ಅಂದರೆ ದೊಡ್ಡ ದೊಡ್ಡ ಕಲ್ಲು ಹಾಸು, ಮಧ್ಯೆ ಎರಡು ಸಾವಿರ ವರ್ಷದ ಗಾಡಿ ಚಕ್ರದ ಕೊರಕಲು. ನೆರಳು ಕಡಿಮೆ. ನಮ್ಮತ್ತೆ ಎರಡು ಗಂಟೆ ನಡೆದು, ಮೂರು ದಿನ ಮಲಗಿದ್ದರು.

ರೋಮ್ 5 ರಾತ್ರಿ, ಫ್ಲಾರೆನ್ಸ್ 3, ವೆನಿಸ್ 3. ಪೀಸಾ ಇಟ್ಟುಕೊಳ್ಳಿ. ಫ್ಲಾರೆನ್ಸ್‌ನಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಅರ್ಧ ದಿನ ಸಾಕು. ಗೆಳತಿಯ ಪಟ್ಟಿಯಲ್ಲಿ ನಾಲ್ಕು ಊರಿಗಾದರೂ ಟಿಕ್ ಬೀಳುತ್ತೆ.

ರೋಮ್‌ನಿಂದ ಫ್ಲಾರೆನ್ಸ್‌ಗೆ ಫಾಸ್ಟ್ ರೈಲು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಮೇಲೆ ಸ್ವಲ್ಪ. ಫ್ರೆಚ್ಚಾರೊಸ್ಸಾ, ಇತಾಲೊ ಎರಡೂ ಓಡುತ್ತವೆ. ಮುಂಚೆಯೇ ತಗೊಂಡರೆ ತುಂಬಾ ಅಗ್ಗ. ಅದರಲ್ಲಿ ಸೀಟ್ ನಂಬರ್ ಇರುತ್ತೆ, ಸುಮ್ಮನೆ ಹತ್ತಿ ಕೂರಿ. ಲೋಕಲ್ ರೈಲಿನ ಕಾಗದದ ಟಿಕೆಟ್ ಮಾತ್ರ ಬೇರೆ. ಹತ್ತುವ ಮುಂಚೆ ಪ್ಲಾಟ್‌ಫಾರಂ ಹತ್ತಿರದ ಸಣ್ಣ ಮಿಷನ್ನಿಗೆ ತುರುಕಿ ಮುದ್ರೆ ಹಾಕಿಸಬೇಕು. ನಾನು ಬಂದ ಹೊಸದರಲ್ಲಿ ಹಾಕಿಸದೆ 50 ಯೂರೋ ದಂಡ ಕಟ್ಟಿದ್ದೇನೆ. ಕೈಯಲ್ಲಿ ಟಿಕೆಟ್ ಹಿಡಿದುಕೊಂಡೇ!

ವೆನಿಸ್‌ಗೆ ಎರಡು ಸ್ಟೇಷನ್. ಮೆಸ್ತ್ರೆ ಅನ್ನೋದು ಈ ಕಡೆಯ ನೆಲದ ಮೇಲಿನದು. ಅಲ್ಲಿ ಇಳಿಯಬೇಡಿ, ಮುಂದಿನ ಸಾಂತಾ ಲೂಚಿಯಾದಲ್ಲಿ ಇಳಿಯಿರಿ. ಬಾಗಿಲು ದಾಟಿ ಹೊರಗೆ ಬಂದರೆ ಎದುರಿಗೇ ದೊಡ್ಡ ಕಾಲುವೆ.

ಕೊಲೋಸಿಯಂ, ವ್ಯಾಟಿಕನ್ ಮ್ಯೂಸಿಯಂ, ಫ್ಲಾರೆನ್ಸ್‌ನ ಚಿತ್ರಗಳ ಮ್ಯೂಸಿಯಂ ಉಫಿತ್ಸಿ, ಈ ಮೂರಕ್ಕೆ ಈಗಲೇ ಟಿಕೆಟ್ ಮಾಡಿ. ಉಫಿತ್ಸಿಗೆ ಸೋಮವಾರ ರಜ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜ, ತಿಂಗಳ ಕೊನೆಯ ಭಾನುವಾರ ಬಿಟ್ಟು.

ಊಟ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರಲ್ಲ. ತಾಜಾ ಪಾಸ್ತಾದಲ್ಲಿ ಹೆಚ್ಚಾಗಿ ಇರುತ್ತೆ, ಕೇಳಿ ತಗೊಳ್ಳಿ. ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹಾಲು ಒಡೆಸುತ್ತಾರೆ. ಅದು ಆಗಲ್ಲ ಅನ್ನೋದಾದರೆ ಪಿಜ್ಜಾ ಮರಿನಾರಾ ಕೇಳಿ. ಹೆಸರು ಕೇಳಿ ಮೀನು ಅಂದ್ಕೋಬೇಡಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ, ಚೀಸೂ ಇಲ್ಲ. ಪೀಸಾದಲ್ಲಿ ಚೆಚಿನಾ ಅಂತ ಸಿಗುತ್ತೆ, ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ ಒಲೆಯಲ್ಲಿ ಬೇಯಿಸಿದ್ದು. ನನ್ನ ಕೇಳಿದರೆ ವಾಲಿದ ಗೋಪುರಕ್ಕಿಂತ ಅದೇ ಮೇಲು.

ರಾತ್ರಿ ಏಳೂವರೆಗೆ ಮುಂಚೆ ಹೆಚ್ಚಿನ ಕಡೆ ಹೋಟೆಲ್ ಅಡುಗೆಮನೆ ತೆರೆಯಲ್ಲ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಒಂದೆರಡು ಯೂರೋ ಇದ್ದರೆ ಜಗಳಕ್ಕೆ ಹೋಗಬೇಡಿ, ಅದು ಕೂತಿದ್ದಕ್ಕೆ.

ಬೈಟು ಕಾಫಿ

ಅಕ್ಕಾ, ಅಮ್ಮನನ್ನು ಕರ್ಕೊಂಡು ಹೋಗಿದ್ದೆ, ಅವರಿಗೂ ಮಂಡಿ ನೋವೇ. ವೆನಿಸ್‌ನಲ್ಲಿ ಕಷ್ಟ ಆಗಿದ್ದು ನಡಿಗೆಯಲ್ಲ, ಸೂಟ್‌ಕೇಸು. ಸುಮಾರು 400 ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು. ಹತ್ತು, ಇಳಿ, ಹತ್ತು, ಇಳಿ. ರೂಮು ಹುಡುಕುವಾಗ ಒಂದೇ ಪ್ರಶ್ನೆ ಕೇಳಿ: ದೋಣಿ ಸ್ಟಾಪಿನಿಂದ ನಿಮ್ಮ ಬಾಗಿಲಿಗೆ ಎಷ್ಟು ಸೇತುವೆ? ಸೊನ್ನೆ ಅಂದರೆ ಮಾತ್ರ ಬುಕ್ ಮಾಡಿ. ದೋಣಿ ಬಸ್ಸಿಗೆ ವಪೊರೆತ್ತೊ ಅಂತಾರೆ. ಒಂದು ಸಲಕ್ಕೆ 9.50 ಯೂರೋ, 75 ನಿಮಿಷ ನಡೆಯುತ್ತೆ. ಮೂರು ದಿನ ಇರೋರಿಗೆ ಪಾಸೇ ಸರಿ.

ಕಾಫಿ ನಿಂತು ಕುಡೀರಿ. ಕೂತರೆ ರೇಟು ಬೇರೆ. ಬೈಟು ಕೇಳಬೇಡಿ, ಅವರು ಒಬ್ಬರಿಗೆ ಕೊಡೋದೇ ನಮ್ಮ ಬೈಟುಗಿಂತ ಕಮ್ಮಿ. ಇನ್ನೊಂದು ಮಾತು. ಬ್ಯಾಗಿನಲ್ಲಿ ತುಪ್ಪ ತುಂಬಬೇಡಿ, ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ. ಚಟ್ನಿಪುಡಿಗೆ ನಮಗೆ ಏನೂ ತೊಂದರೆ ಆಗಲಿಲ್ಲ.

ಕಿಟಕಿ ಸೀಟು

ಎಲ್ಲರೂ ಬಿಡಿ ಬಿಡಿ ಅಂತಿದ್ದೀರಲ್ಲ, ಅವರು ಮತ್ತೆ ಯಾವಾಗ ಹೋಗ್ತಾರೆ? ನಾವು ಒಂಬತ್ತು ದಿನದಲ್ಲಿ ಎಂಟು ಊರು ನೋಡಿದೆವು. ಪಾಂಪೆ ಬಿಟ್ಟು ಬಂದಿದ್ದರೆ ಇವತ್ತಿಗೂ ಹೊಟ್ಟೆ ಉರೀತಿತ್ತು. ಟೀಚರ್ ಗೆಳತಿಗೆ ನನ್ನ ವೋಟು.

ಸಾಗರದ ಟೀಚರ್

ನಿಮ್ಮ ಉತ್ತರ ಅವಳಿಗೆ ತೋರಿಸಲ್ಲ, ತಪ್ಪು ತಿಳೀಬೇಡಿ.

ಅರಾಚೇಲಿ ಬಗ್ಗೆ ಯಾರಿಗಾದರೂ ಗೊತ್ತಾ?

ಘಟ್ಟದ ಕೆಳಗಿನವ

ಗೊತ್ತು ಮೇಡಂ. ನಾನು ಉಳ್ಳಾಲದವ. ನಿಮ್ಮ ಇಕ್ಕೇರಿ ಮುಗಿಸಿ ದೆಲ್ಲಾ ವಾಲ್ಲೆ ನಮ್ಮ ಕಡೆಗೂ ಬಂದಿದ್ದ. ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ಕಂಡು ಮಾತಾಡಿಸಿದ. ಬರಿಗಾಲಲ್ಲಿ ನಡೆದು ನೀರಿನ ಕಾಲುವೆ ಕೆಲಸ ನೋಡೋಕೆ ಹೊರಟಿದ್ದರು ರಾಣಿ. ನಾನು ಆ ಚರ್ಚಿಗೆ ಹೋಗಿದ್ದೂ ಅದಕ್ಕೇ.

ಎದುರಿನ ಮೆಟ್ಟಿಲು 124. 1348ರಲ್ಲಿ ಕಟ್ಟಿದ್ದು, ಕಡಿದಾಗಿದೆ. ಅದನ್ನು ಹತ್ತಬೇಡಿ. ಅದರ ಬಲಕ್ಕೇ ಇನ್ನೊಂದು ದಾರಿ ಇದೆ, ಕೊರ್ದೊನಾತಾ ಅಂತ. ಮೈಕೆಲೆಂಜೆಲೊ ನಕ್ಷೆಯದು. ಹೆಸರಿಗೆ ಮೆಟ್ಟಿಲು, ನಿಜಕ್ಕೆ ಅಗಲವಾದ ಇಳಿಜಾರು. ನಿಧಾನ ಹತ್ತಿದರೆ ಕಂಪಿದೊಲ್ಯೊ ಚೌಕ ಸಿಗುತ್ತೆ. ಚೌಕದ ಎಡ ಮೂಲೆಯಿಂದ ಚರ್ಚಿನ ಪಕ್ಕದ ಬಾಗಿಲಿಗೆ ಮೆಟ್ಟಿಲು ಸ್ವಲ್ಪವೇ. ಭುಜ, ಮೊಣಕಾಲು ಮುಚ್ಚಿರಬೇಕು ಅಂತಾರೆ. ಸೀರೆ ಉಟ್ಟವರಿಗೆ ಆ ಚಿಂತೆ ಇಲ್ಲ.

ಅಲ್ಲಿರೋದು ಅವನೊಬ್ಬನೇ ಅಲ್ಲ ಮೇಡಂ. ಹೆಂಡತಿ ಮಾನಿ ಬಾಗ್ದಾದಿನವಳು. 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವಳ ಶವಪೆಟ್ಟಿಗೆಯನ್ನು ಹಡಗಿನಲ್ಲಿ ಭಾರತಕ್ಕೂ ತಂದಿದ್ದ. ಕೊನೆಗೆ ರೋಮ್‌ಗೆ ಒಯ್ದು 1627ರಲ್ಲಿ ಅದೇ ಚರ್ಚಿನಲ್ಲಿ ಹೂಳಿಸಿದ.

ಸಾಗರದ ಟೀಚರ್

ಹೋಗಿ ಬಂದೆವು! ಉತ್ತರ ಕೊಟ್ಟವರಿಗೆಲ್ಲ ಋಣಿ. ಬರೆಯೋದು ತಡವಾಯಿತು, ಬಂದ ಕೂಡಲೇ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದೆ.

ನಾಲ್ಕು ಊರಿಗೆ ಒಪ್ಪಿಸೋಕೆ ಒಂದು ವಾರ ಬೇಕಾಯಿತು. ಕೊನೆಗೆ ಬ್ಯಾಂಕಿನ ಭಾಷೆಯಲ್ಲೇ ಹೇಳಿದೆ. ಏಳು ಊರು ಅಂದರೆ ಹೋಟೆಲಿಗೂ ಸ್ಟೇಷನ್ನಿಗೂ ಓಡಾಡೋದರಲ್ಲೇ ಎರಡು ದಿನ ಖರ್ಚು, ಲೆಕ್ಕ ಹಾಕಿ ನೋಡು ಅಂತ. ಹಾಕಿದಳು. ಎರಡೂವರೆ ಬಂತು.

ರೋಮ್‌ನಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ನಲ್ಲಿ. ನಗಬೇಡಿ. ಬೀದಿ ಬದಿಯಲ್ಲಿ ಮೋಟು ಕಂಬ, ಅದಕ್ಕೆ ಮೂಗಿನ ಹಾಗೆ ಬಗ್ಗಿದ ಕೊಳವೆ, ಸದಾ ಹರಿಯೋ ತಣ್ಣನೆ ನೀರು. 'ನಾಸೋನೆ' ಅಂತಾರೆ, ದೊಡ್ಡ ಮೂಗು. ನಾವು ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಿದ್ದಾಗ ಒಬ್ಬ ಅಜ್ಜ ನಿಂತು, ಏನೂ ಮಾತಾಡದೆ, ಕೊಳವೆಯ ಬಾಯಿಗೆ ಬೆರಳಿಟ್ಟ. ಮೂಗಿನ ಮೇಲೊಂದು ತೂತಿದೆ, ಅದರಿಂದ ನೀರು ಚಿಮ್ಮಿ ಸೀದಾ ಬಾಯಿಗೆ ಬಂತು. ಆಮೇಲೆ ಇವಳು ಪ್ರತಿ ನಲ್ಲಿ ಹತ್ತಿರವೂ ನಿಂತು ಬೇರೆ ಟೂರಿಸ್ಟುಗಳಿಗೆ ಪಾಠ ಮಾಡಿದಳು. ಅವಳ ವೇಳಾಪಟ್ಟಿ ಹಾಳಾಗಿದ್ದೇ ಅಲ್ಲಿಂದ.

ಅರಾಚೇಲಿಗೆ ಇಳಿಜಾರಿನಲ್ಲೇ ಹತ್ತಿದೆ, ಎರಡು ಸಲ ನಿಂತು. ಉಳ್ಳಾಲದ ಸರ್, ನಿಮಗೆ ಪುಣ್ಯ ಬರಲಿ. ಮೇಲೆ ಚಿನ್ನದ ಬಣ್ಣದ ಮರದ ಸೂರು, ಕೆಳಗೆ ನೆಲದ ತುಂಬ ಹಳೇ ಸಮಾಧಿ ಕಲ್ಲುಗಳು. ಎಷ್ಟೋ ಜನ ತುಳಿದು ಮುಖ, ಅಕ್ಷರ ಎಲ್ಲ ಸವೆದಿವೆ. ಅವನ ಹೆಸರಿನ ಕಲ್ಲು ನಮಗೆ ಸಿಗಲಿಲ್ಲ. ಅರ್ಧ ಗಂಟೆ ಹುಡುಕಿದೆವು. ಇವಳು ನೆಲಕ್ಕೆ ಕಣ್ಣಿಟ್ಟು ಒಂದೊಂದೇ ಕಲ್ಲು ಓದಿಕೊಂಡು ಹೋದಳು, ವೋಚರ್ ಚೆಕ್ ಮಾಡೋ ಹಾಗೆ. ನಾನು ಬೆಂಚಿನ ಮೇಲೆ ಕೂತೆ. ಗಂಡ ಹೆಂಡತಿ ಇಲ್ಲೇ ಎಲ್ಲೋ ಇದ್ದಾರೆ ಅಂದುಕೊಂಡೆ. ಇವಳು ತಿರುಗಿ ಬಂದು ಪಕ್ಕದಲ್ಲಿ ಕೂತಳು. 'ಅಷ್ಟು ದೂರ ಪೆಟ್ಟಿಗೆ ಹೊತ್ಕೊಂಡು ಬಂದನಾ?' ಅಂತ ಒಂದೇ ಮಾತು. ಅವಳ ಯಜಮಾನರು ಹೋಗಿ ಎರಡು ವರ್ಷ. ನಾನು ಏನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನದ ಕೊಲೋಸಿಯಂ ಟಿಕೆಟ್ ತಪ್ಪಿಹೋಯಿತು. ಇಬ್ಬರದೂ ಸೇರಿ ದಂಡ. ಅವಳು ಅದರ ಬಗ್ಗೆ ಇವತ್ತಿನವರೆಗೆ ಕೇಳಿಲ್ಲ.

ಫ್ಲಾರೆನ್ಸ್‌ನಲ್ಲಿ ಮಾತ್ರ ಜಗಳ ಆಯಿತು. ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟಕ್ಕೆ 463 ಮೆಟ್ಟಿಲು, ಹತ್ತಲೇಬೇಕು ಅಂದಳು. ಹತ್ತು, ನಾನು ಕೆಳಗಿರ್ತೀನಿ ಅಂದೆ. 'ನೀನು ಎಲ್ಲಾ ಕಡೆ ಕೆಳಗೇ ಇರ್ತೀಯ' ಅಂದಳು. ಒಂದು ಗಂಟೆ ಕಳೆದು ಇಳಿದು ಬಂದವಳಿಗೆ ಮಾತಾಡೋಕೆ ಉಸಿರಿಲ್ಲ, ನಾಳೆ ನಿನ್ನ ಜೊತೆ ಬೆಂಚಿಗೆ ಬರ್ತೀನಿ ಅಂತ ಕೈಸನ್ನೆ ಮಾಡಿದಳು.

ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಯಾರೂ ಹೇಳಿರಲಿಲ್ಲ ನೀವು! ಮೊದಲ ತುತ್ತಿಗೆ ಹಿಟ್ಟು ಹಿಟ್ಟು. ರೂಮಿನ ಕಿಟಕಿ ಹತ್ತಿರ ಕೂತು ಅದರ ಮೇಲೆ ಆಲಿವ್ ಎಣ್ಣೆ ಸುರಿದು ಚಟ್ನಿಪುಡಿ ಉದುರಿಸಿದೆವು. ಎಣ್ಣೆ ಹೀರಿ ಪುಡಿ ಕೆಂಪಗಾಗಿ ಅಂಟಿಕೊಳ್ಳುತ್ತೆ. ಉಪ್ಪಿಲ್ಲದ್ದು ಯಾಕೆ ಅಂತ ಆಗ ಗೊತ್ತಾಯಿತು, ನಮ್ಮ ಚಟ್ನಿಪುಡಿಗೇ ಮಾಡಿದ್ದು. ಮೂರು ರಾತ್ರಿಯೂ ಅದೇ ಊಟ. ಪೀಸಾದ ಚೆಚಿನಾ ಕೂಡ ಎರಡೆರಡು ತಿಂದೆವು. ತೊರಿನೊ ಸರ್, ನೀವು ಹೇಳಿದ್ದು ನಿಜ, ಗೋಪುರಕ್ಕಿಂತ ಮೇಲು. ಅಪ್ಪೆಮಿಡಿ ಜೊತೆ ಇನ್ನೂ ಮೇಲು.

ವೆನಿಸ್‌ನಲ್ಲಿ ಸೊನ್ನೆ ಸೇತುವೆಯ ರೂಮು ಸಿಕ್ಕಿತು. ಒಂದನೇ ನಂಬರ್ ದೋಣಿ ನಿಧಾನ, ಎಲ್ಲಾ ಸ್ಟಾಪಿಗೂ ನಿಲ್ಲುತ್ತೆ. ಮುಂದಿನ ಬಯಲು ಸೀಟು ಹಿಡಿದು ದೊಡ್ಡ ಕಾಲುವೆ ಪೂರ್ತಿ ಹೋದೆವು. ದಡಕ್ಕೆ ತಾಗುವಾಗ ಹುಡುಗಿಯೊಬ್ಬಳು ಹಗ್ಗ ಬೀಸಿ ಗೂಟಕ್ಕೆ ಸುತ್ತಿ, ಕಂಬಿ ಸರಿಸಿ, ಜನ ಇಳಿಸಿ, ಮತ್ತೆ ಬಿಚ್ಚುತ್ತಾಳೆ. ಥೇಟ್ ಶರಾವತಿ ಹಿನ್ನೀರಿನ ನಮ್ಮ ಹೊಳೆಬಾಗಿಲು ಲಾಂಚ್. ನಮ್ಮಲ್ಲಿ ಒಂದು ಸೇತುವೆ ಬಂದಿದ್ದೇ ಬಂದಿದ್ದು, ಲಾಂಚ್ ಕಥೆ ಮುಗೀತು ಅಂತಿದ್ದಾರೆ. ಇಲ್ಲಿ 400 ಇದ್ದರೂ ದೋಣಿ ತುಂಬಿ ಹೋಗುತ್ತೆ.

ಇವಳು ಮಾತೇ ಆಡುತ್ತಿರಲಿಲ್ಲ. ಫೋನೂ ತೆಗೆದಿರಲಿಲ್ಲ. ಎರಡೂ ಕಡೆ ಅರಮನೆಗಳು, ಬುಡದಲ್ಲಿ ಗಾರೆ ಉದುರಿ ಇಟ್ಟಿಗೆ ಕಾಣ್ತಿದೆ, ಪಾಚಿ ಕಟ್ಟಿದೆ. ಸುಮಾರು ಹೊತ್ತಿನ ಮೇಲೆ ಅಂದಳು, 'ಕ್ಯಾಲೆಂಡರ್‌ನಲ್ಲಿ ಬಿರುಕು ಕಾಣ್ತಿರಲಿಲ್ಲ ಕಣೇ.'

ಕೊನೆ ಸ್ಟಾಪು ಬಂದರೂ ಇಳಿಯಲಿಲ್ಲ. ಪಾಸಿತ್ತಲ್ಲ, ಅದೇ ದಾರಿಯಲ್ಲಿ ತಿರುಗಿ ಬಂದೆವು.

ಫೋಟೋ ಕೇಳಬೇಡಿ. ಎಲ್ಲಾ ಅವಳ ಫೋನಿನಲ್ಲಿವೆ, ಊರಿನ ಪ್ರಕಾರ ವಿಂಗಡಿಸಿ ಕಳಿಸ್ತೀನಿ ಅಂದಿದ್ದಾಳೆ. ಇನ್ನೂ ರೋಮ್‌ನಲ್ಲೇ ಇದ್ದಾಳೆ.