ಸಹಾಯ ಬೇಕು: ಮಧ್ಯ ಆಫ್ರಿಕಾ ಗಣರಾಜ್ಯದ ಜನಸಂಖ್ಯೆ, ಆರ್ಥಿಕತೆ

ಬಲ್ಲವರಲ್ಲಿ ವಿನಂತಿ. ಪದವಿ ವಿದ್ಯಾರ್ಥಿಗಳಿಗಾಗಿ ಮಧ್ಯ ಆಫ್ರಿಕಾ ಗಣರಾಜ್ಯದ ಬಗ್ಗೆ ಕನ್ನಡದಲ್ಲಿ ಪಾಠವೊಂದನ್ನು ಬರೆಯುತ್ತಿದ್ದೇನೆ. ಜನಸಂಖ್ಯೆಯ ಭಾಗ ಮುಂದೆ ಸಾಗುತ್ತಿಲ್ಲ. 2003ರ ಜನಗಣತಿಯಲ್ಲಿ ಎಣಿಕೆಗೆ ಸಿಕ್ಕವರು ಸುಮಾರು 39 ಲಕ್ಷ. ಆಮೇಲೆ ಎರಡು ದಶಕ ಮತ್ತೊಂದು ಪೂರ್ಣ ಗಣತಿ ನಡೆಯಲಿಲ್ಲ. 2013ರಲ್ಲಿ ಸೆಲೆಕಾ ಬಂಡುಕೋರರು ರಾಜಧಾನಿ ಬಾಂಗಿಯನ್ನು ವಶಪಡಿಸಿಕೊಂಡ ಬಳಿಕ ಲಕ್ಷಾಂತರ ಜನ ಕ್ಯಾಮರೂನ್, ಚಾಡ್, ಕಾಂಗೋ ಸೇರಿದರು. ಈಗ ಹೇಳುವ 50 ಲಕ್ಷಕ್ಕೂ ಮಿಕ್ಕಿದ ಸಂಖ್ಯೆ ಅಂದಾಜಿನದು. ತಲಾ ಆದಾಯದ ಲೆಕ್ಕವೂ ಅದರ ಮೇಲೆಯೇ ನಿಂತಿದೆ.

ರಫ್ತಿನ ಪಟ್ಟಿಯಲ್ಲಿ ಚಿನ್ನ, ವಜ್ರ, ಮರ ಮೆರೆಯುತ್ತವೆ. ಬಹುಪಾಲು ಜನರ ಹೊಟ್ಟೆ ತುಂಬುವುದು ಮರಗೆಣಸು, ಶೇಂಗಾ ಬೆಳೆಯುವ ಸಣ್ಣ ಹೊಲಗಳಿಂದ. ಸಮುದ್ರವಿಲ್ಲದ ಈ ದೇಶಕ್ಕೆ ಹೊರಗಿನ ಸರಕು ಮುಖ್ಯವಾಗಿ ಕ್ಯಾಮರೂನಿನ ಡೌಆಲಾ ಬಂದರಿನಿಂದ ಲಾರಿಗಳಲ್ಲಿ ಬರಬೇಕು. 2021ರ ಆರಂಭದಲ್ಲಿ ಬಂಡುಕೋರರು ಆ ಹೆದ್ದಾರಿಯನ್ನು ತಡೆದಾಗ ಲಾರಿಗಳು ಗಡಿಯಲ್ಲೇ ಸಾಲುಗಟ್ಟಿ ನಿಂತವು, ಬಾಂಗಿಯ ಪೇಟೆಯಲ್ಲಿ ಆಹಾರದ ಬೆಲೆ ಏರಿತು. ಒಂದೇ ರಸ್ತೆಗೆ ಇಡೀ ದೇಶದ ಬದುಕು ಜೋತುಬಿದ್ದಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಲೇಬೇಕು ಎಂದು ನನಗನ್ನಿಸುತ್ತದೆ.

ಫ್ರೆಂಚ್ ಓದಬಲ್ಲವರು 2003ರ ಗಣತಿಯ ಜಿಲ್ಲಾವಾರು ಕೋಷ್ಟಕಗಳನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತೀರಾ? ಗಡಿ ದಾಟಿ ಗುಟ್ಟಾಗಿ ಹೋಗುವ ಚಿನ್ನ, ವಜ್ರವನ್ನು ರಾಷ್ಟ್ರೀಯ ಆದಾಯದಲ್ಲಿ ಹೇಗೆ ಅಂದಾಜಿಸುತ್ತಾರೆಂದು ಅರ್ಥಶಾಸ್ತ್ರದ ಅಧ್ಯಾಪಕರು ವಿವರಿಸಿದರೆ ದೊಡ್ಡ ಉಪಕಾರ. ಬಾಂಗಿಯಲ್ಲೋ ಡೌಆಲಾದಲ್ಲೋ ವ್ಯಾಪಾರ, ನೌಕರಿ ಮಾಡಿದ ಕನ್ನಡಿಗರಿದ್ದರೆ ಅಲ್ಲಿನ ಪೇಟೆಯ ಧಾರಣೆ, ಸಾಗಣೆ ವೆಚ್ಚದ ಬಗ್ಗೆ ನಾಲ್ಕು ಸಾಲು ಬರೆದರೂ ಸಾಕು. ಗಣತಿಯ ಕೋಷ್ಟಕದ ಪುಟಗಳ ಫೋಟೊ ಇದ್ದರೆ ಇಲ್ಲಿಯೇ ಹಾಕಿ.