ಮರಗೆಣಸು ಬೇಯುತ್ತಿಲ್ಲ, ಒಳಗೆ ನೀಲಿ ಗೆರೆ: ಬಲ್ಲವರು ತಿಳಿಸಿ

ಪ್ರಶ್ನೆ: ಮುಕ್ಕಾಲು ಗಂಟೆ ಕುದಿಸಿದರೂ ಮರಗೆಣಸಿನ ಕೆಲವು ತುಂಡು ಗಾಜಿನಂತೆ ಗಟ್ಟಿಯಾಗೇ ಉಳೀತವೆ. ಕೆಲವನ್ನು ಕೊಯ್ದರೆ ಒಳಗೆ ನೀಲಿ-ಕಪ್ಪು ಗೆರೆ. ವಿಷ ಇರುತ್ತೆ ಅಂತಲೂ ಹೇಳ್ತಾರೆ. ಹಿತ್ತಲಲ್ಲಿ ನಾಲ್ಕು ಗಿಡ ನೆಡೋ ಯೋಚನೆಯೂ ಇದೆ. ಗೊತ್ತಿದ್ದವರು ವಿವರವಾಗಿ ಹೇಳಿ.

ಉತ್ತರ 1: ನೀಲಿ ಗೆರೆ ರೋಗ ಅಲ್ಲ. ಕೀಳುವಾಗ ಆದ ಗಾಯಕ್ಕೆ ಗಾಳಿ ತಗುಲಿ ಒಳಗಿನ ನಾಳಗಳು ಬಣ್ಣಗೆಡುವುದು, ಅಷ್ಟೇ. ಕಿತ್ತ 1ರಿಂದ 3 ದಿನದೊಳಗೆ ಶುರುವಾಗುತ್ತೆ, ಹಾಗಾಗಿ ಆಲೂಗೆಡ್ಡೆ ತರಹ ಬುಟ್ಟಿಯಲ್ಲಿ ವಾರಗಟ್ಟಲೆ ಇಡೋಕಾಗಲ್ಲ. ಕೊಳ್ಳುವಾಗ ಒಂದರ ತುದಿ ಮುರಿದು ತೋರಿಸಲು ಹೇಳಿ. ಒಳಗೆ ಪೂರ್ತಿ ಬೆಳ್ಳಗಿರಬೇಕು. ಗೆರೆ ಅಲ್ಲಲ್ಲಿ ಇದ್ದರೆ ಆ ಭಾಗ ಕೆತ್ತಿ ತೆಗೆಯಿರಿ. ಮೆತ್ತಗಾಗಿ ಹುಳಿ ವಾಸನೆ ಬಂದಿದ್ದರೆ ಇಡೀ ಗೆಡ್ಡೆ ಎಸೆಯಿರಿ. ಎತ್ತಿಡಬೇಕೆಂದರೆ ಸಿಪ್ಪೆ ತೆಗೆದು ತುಂಡು ಮಾಡಿ ಫ್ರೀಜರಿಗೆ ಹಾಕಿ. ಬೇಯಿಸುವಾಗ ಕರಗಿಸದೆ ಹಾಗೇ ನೀರಿಗೆ ಬಿಡಬಹುದು.

ಉತ್ತರ 2: ವಿಷದ ಮಾತು ಸುಳ್ಳಲ್ಲ, ಗಾಬರಿಯೂ ಬೇಡ. ಗೆಡ್ಡೆಯಲ್ಲಿ ಲಿನಮರಿನ್ ಅನ್ನೋ ವಸ್ತು ಇದೆ. ಕೊಯ್ದಾಗ, ತುರಿದಾಗ ಗೆಡ್ಡೆಯದೇ ಕಿಣ್ವವೊಂದು ಅದನ್ನು ಒಡೆದು ಕೊನೆಗೆ ಹೈಡ್ರೋಜನ್ ಸಯನೈಡ್ ಹೊರಬರುತ್ತೆ. ಅದು ಸುಲಭವಾಗಿ ಆವಿಯಾಗಿ ಹೋಗುತ್ತೆ. ತೊಂದರೆ ಇರೋದು ಒಡೆಯದೆ ಉಳಿದ ಲಿನಮರಿನ್‌ನಲ್ಲಿ: ಅದು ಬಿಸಿಗೆ ಜಗ್ಗಲ್ಲ, ಆದರೆ ನೀರಿಗೆ ಬಿಟ್ಟುಕೊಳ್ಳುತ್ತೆ. ದಪ್ಪ ದಪ್ಪ ತುಂಡುಗಳನ್ನು ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಮೊದಲೇ ಸಾಯುತ್ತೆ, ಲಿನಮರಿನ್ ಒಳಗೇ ಉಳಿಯುತ್ತೆ.

ಅದಕ್ಕೇ ಹೀಗೆ ಮಾಡಿ. ಕಂದು ಸಿಪ್ಪೆಯ ಜೊತೆ ಅದರ ಕೆಳಗಿನ ದಪ್ಪ ಬಿಳಿ ಅಥವಾ ಗುಲಾಬಿ ಪದರವನ್ನೂ ಎಬ್ಬಿಸಿ ತೆಗೆಯಿರಿ; ವಿಷದ ಅಂಶ ಹೆಚ್ಚಿರೋದು ಅಲ್ಲೇ. 5 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಸೀಳಿ, ನಡುವಿನ ನಾರು ಎಳೆಯಿರಿ. ತೂಕದ ನಾಲ್ಕೈದು ಪಟ್ಟು ತಣ್ಣೀರಲ್ಲಿ ಹಾಕಿ ಒಲೆಗಿಡಿ, ಮುಚ್ಚಳ ಬೇಡ. ಬೆಂದ ಮೇಲೆ ನೀರು ಚೆಲ್ಲಿ, ಸಾರಿಗೆ ಬಳಸಬೇಡಿ. ಯಾವ ತಳಿ ಅಂತ ಗೊತ್ತಿಲ್ಲದಿದ್ದರೆ ಕುಕ್ಕರ್ ಸಹವಾಸವೇ ಬೇಡ. ಇದೆಲ್ಲ ಸಿಹಿ ತಳಿಗೆ, ಅಂದರೆ ಹಸಿ ಗೆಡ್ಡೆಯ ಕೆ.ಜಿ.ಗೆ ಸಯನೈಡ್ 50 ಮಿಲಿಗ್ರಾಂಗಿಂತ ಕಡಿಮೆ ಇರುವಂಥದ್ದಕ್ಕೆ. ಕಹಿ ತಳಿಗೆ ಬರೀ ಕುದಿಸಿದರೆ ಸಾಲದು. ತುರಿದು ಹುದುಗಿಸಿ, ಹಿಂಡಿ, ಒಣಗಿಸಿ ಹಿಟ್ಟು ಮಾಡುತ್ತಾರೆ. ಯಾವುದನ್ನೂ ಹಸಿಯಾಗಿ ತಿನ್ನಬಾರದು.

ಉತ್ತರ 3: ಗಟ್ಟಿ ತುಂಡಿನ ಬಗ್ಗೆ ಯಾರೂ ಹೇಳಲಿಲ್ಲ. ಅದು ಅಡುಗೆಯವರ ತಪ್ಪಲ್ಲ, ಹೊಲದಲ್ಲೇ ಆಗಿರುವಂಥದ್ದು. ಬಿಸಿಲಿಗೆ ಎಲೆ ಉದುರಿಸಿ ನಿಂತ ಗಿಡ ಮಳೆ ಬಿದ್ದ ತಕ್ಷಣ ಚಿಗುರುತ್ತೆ, ಚಿಗುರಿಗೆ ಬೇಕಾದ ಪಿಷ್ಟವನ್ನು ಗೆಡ್ಡೆಯಿಂದ ಎಳೆದುಕೊಳ್ಳುತ್ತೆ. ಆ ಹೊತ್ತಲ್ಲಿ ಕಿತ್ತ ಗೆಡ್ಡೆ ನೀರುನೀರಾಗಿರುತ್ತೆ, ಎಷ್ಟು ಕುದಿಸಿದರೂ ಅರಳಲ್ಲ. ಬಲಿತು ನಾರಾದ ಗೆಡ್ಡೆಯದೂ ಇದೇ ಕಥೆ. ಚಿಗುರು ಬಲಿಯುವ ತನಕ ಕಾಯಬೇಕು.

ನೆಡೋದಕ್ಕೆ: 8ರಿಂದ 12 ತಿಂಗಳ ಗಿಡದ ಕಾಂಡದ ನಡುಭಾಗ ಸಾಕು, ಹಸಿರು ತುದಿ ಬೇಡ. 20 ಸೆಂ.ಮೀ. ತುಂಡು, 5ರಿಂದ 7 ಕಣ್ಣು. ಕಣ್ಣು ಮೇಲ್ಮುಖವಾಗಿರಲಿ, ತಲೆಕೆಳಗಾಗಿ ನೆಟ್ಟರೆ ಬೆಳೆ ಸೊರಗುತ್ತೆ. ಗಿಡದಿಂದ ಗಿಡಕ್ಕೆ 90 ಸೆಂ.ಮೀ. ಮಣ್ಣು ಏರಿ ಮಾಡಿ ನೆಡಿ, ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ. ಬರ ತಡೆಯುತ್ತೆ, ಜೌಗು ತಡೆಯಲ್ಲ. ಎಲೆ ಹಳದಿ ಮಚ್ಚೆಯಾಗಿ ಸೊಟ್ಟಗಾಗಿದ್ದರೆ ಮೊಸಾಯಿಕ್ ರೋಗ. ಬಿಳಿನೊಣವೂ ಹರಡುತ್ತೆ, ನೆಟ್ಟ ಕಾಂಡದಲ್ಲೂ ಬರುತ್ತೆ, ಅಂಥ ಗಿಡದ ಕಾಂಡ ಮುಟ್ಟಬೇಡಿ.

ಉತ್ತರ 4: ಕೀಳುವ 2-3 ವಾರ ಮೊದಲು ಮೇಲಿನ ಕೊಂಬೆ ಕಡಿದು ಬುಡ ಬಿಟ್ಟರೆ ನೀಲಿ ಗೆರೆ ತಡವಾಗಿ ಬರುತ್ತೆ. ಮೂರನೇ ಉತ್ತರದವರು ಹೇಳಿದ ಪಿಷ್ಟ ಇಳಿಯುವ ಅಪಾಯ ಇದರಲ್ಲೂ ಇದೆ, ಆದ್ದರಿಂದ ಅದಕ್ಕಿಂತ ಹೆಚ್ಚು ದಿನ ಬಿಡಬೇಡಿ. ನಾಲ್ಕೇ ಗಿಡ ಆದರೆ ಇದರ ಗೊಡವೆ ಯಾಕೆ? ನೆಲದಲ್ಲೇ ಬಿಟ್ಟು ಅಡುಗೆ ದಿನಕ್ಕೊಂದು ಗಿಡ ಕಿತ್ತರಾಯಿತು.

ಉತ್ತರ 2 (ಮತ್ತೆ): ಒಂದು ಬಿಟ್ಟುಹೋಗಿತ್ತು. ಹಸಿ ಎಲೆ, ಹಸಿ ಸಿಪ್ಪೆಯನ್ನು ಆಡು-ದನಗಳಿಗೆ ಹಾಕಬೇಡಿ. ಅವುಗಳಲ್ಲಿ ವಿಷದ ಅಂಶ ತಿರುಳಿಗಿಂತ ಹೆಚ್ಚು. ಸಣ್ಣಗೆ ಕತ್ತರಿಸಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಮೇಲಷ್ಟೇ, ಅದೂ ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪವೇ ಕೊಡಿ.